ಆದಾಗ ನೋಡಿದ್ರಾತು

ಹೊಸಪೇಟೆಯಿಂದ ಕಮಲಾಪುರ ದಾಟಿ ಕಂಪ್ಲಿ ಕಡೆಗೆ ಹೋಗುವ ಬಸ್ಸು ನಮ್ಮೂರು ಬುಕ್ಕಸಾಗರದಲ್ಲಿ ಪೂರ್ತಿ ನಿಲ್ಲುವ ಮೊದಲೇ ಅದರ ಕಿಟಕಿಗಳೊಳಕ್ಕೆ ಟವೆಲ್ಲುಗಳು ಹಾರಿ ಬೀಳುತ್ತವೆ. ಟವೆಲ್ಲಿಲ್ಲದವರು ಕರ್ಚೀಫು, ಅದೂ ಇಲ್ಲದವರು ಕಾಯಿಪಲ್ಯದ ಚೀಲ, ಏನೂ ಇಲ್ಲದವರು ಜೊತೆಗಿದ್ದ ಸಣ್ಣ ಹುಡುಗನನ್ನೇ ಎತ್ತಿ ಒಳಗೆ ಇಳಿಬಿಡುತ್ತಾರೆ. ಹುಡುಗ ಮೂರು ಜನರ ಸೀಟಿನ ಮೇಲೆ ಅಡ್ಡಡ್ಡ ಮಲಗಿ, ಬಂದಬಂದವರಿಗೆಲ್ಲ ‘ಇಲ್ಲಿ ಮಂದಿ ಬರ್ತಾರ’ ಎಂದು ಹೇಳುತ್ತ ಒಪ್ಪಿಸಿದ ಕೆಲಸ ಮಾಡುತ್ತಾನೆ. 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲಂತೂ ಸೀಟಿನ ಮೇಲೆ ಟವೆಲ್ಲಿಗಿಂತ ಮೊದಲು ವ್ಯಾನಿಟಿ ಬ್ಯಾಗು ಬಂದು ಕೂತಿರುತ್ತದೆ. ಗಂಡಸರು ಅದನ್ನು ಮುಟ್ಟುವಂತಿಲ್ಲ, ಸರಿಸುವಂತಿಲ್ಲ, ನಿಂತು ನೋಡಬಹುದು.

ಇಷ್ಟು ಮುಂದಾಲೋಚನೆಯ ಜನ ಇನ್ನೆಲ್ಲಿದ್ದಾರೆ ಎಂದು ಮೆಚ್ಚಿಕೊಳ್ಳುವ ಹೊತ್ತಿಗೆ, ಅದೇ ಟವೆಲ್ಲಿನ ಒಡೆಯ ಪಕ್ಕದಲ್ಲಿ ಬಂದು ಕೂರುತ್ತಾನೆ. ‘ಬಾಳೆಗೆ ಗಳ ಕಟ್ಟಿಸಿದಿ ಏನಪ?’ ಎಂದು ಕೇಳಿ ನೋಡಿ. ‘ಈ ಸಲ ಅಂಥಾ ಗಾಳಿ ಬರಂಗಿಲ್ಲ ತಗೋರಿ. ಆದಾಗ ನೋಡಿದ್ರಾತು’ ಎನ್ನುತ್ತಾನೆ. ಮುಕ್ಕಾಲು ತಾಸಿನ ಸೀಟಿಗಾಗಿ ಅಷ್ಟು ದೂರ ಓಡಿದವನು, ವರ್ಷದ ಬೆಳೆಯ ವಿಷಯಕ್ಕೆ ಬಂದರೆ ಪರಮಹಂಸನಾಗಿಬಿಡುತ್ತಾನೆ.

ಗಾಳಿ ಬರುತ್ತದೆ. ಏಪ್ರಿಲ್ ಕೊನೆಗೋ ಮೇ ತಿಂಗಳಲ್ಲೋ ಸಂಜೆ ನಾಲ್ಕರ ಹೊತ್ತಿಗೆ ಹಂಪಿಯ ಗುಡ್ಡಗಳ ಹಿಂದೆ ಮುಗಿಲು ಕಪ್ಪಿಟ್ಟು, ಮಳೆಗಿಂತ ಮೊದಲು ಗಾಳಿ ನುಗ್ಗುತ್ತದೆ. ಗೊನೆ ಹೊತ್ತ ಬಾಳೆಗಿಡ ತನ್ನ ಭಾರಕ್ಕೇ ನಡು ಮುರಿದುಕೊಂಡು ಮಲಗುತ್ತದೆ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ನೆಲಕಚ್ಚಿದ ಬಾಳೆ’ ಎಂಬ ಶೀರ್ಷಿಕೆ, ಅದರ ಕೆಳಗೆ ಬಿದ್ದ ಗೊನೆಯ ಪಕ್ಕ ತಲೆಮೇಲೆ ಕೈಹೊತ್ತು ಕೂತ ರೈತನ ಚಿತ್ರ. ಶೀರ್ಷಿಕೆಯನ್ನು ಅವರು ಪ್ರತಿವರ್ಷ ಹೊಸದಾಗಿ ಬರೆಯುತ್ತಾರೋ, ಡ್ರಾಯರಿನಲ್ಲಿ ಎತ್ತಿಟ್ಟುಕೊಂಡಿರುತ್ತಾರೋ ದೇವರೇ ಬಲ್ಲ. ಎತ್ತಿಟ್ಟುಕೊಂಡಿದ್ದರೆ, ಈ ಇಡೀ ಪ್ರಸಂಗದಲ್ಲಿ ಮುಂದಾಲೋಚನೆ ಮಾಡಿದವರು ಅವರೊಬ್ಬರೇ.

ನನಗೆ ಕಾಡುವುದು ಪಕ್ಕದ ತೋಟದವನ ಸಂಗತಿ. ಅವನು ಫೆಬ್ರವರಿಯಲ್ಲೇ ಗಳ ತರಿಸಿ, ಕೂಲಿ ಕೊಟ್ಟು, ಗಿಡಗಿಡಕ್ಕೂ ಕಟ್ಟಿಸಿದ್ದ. ಅವನ ಬಾಳೆ ನಿಂತಿತು. ಅವನ ಫೋಟೋ ಬರಲಿಲ್ಲ. ತಲಾಟಿ ಬರಲಿಲ್ಲ, ಪಂಚನಾಮೆ ಇಲ್ಲ, ಪರಿಹಾರವಿಲ್ಲ. ಊರಿನವರು ಕಟ್ಟೆಯ ಮೇಲೆ ಕೂತು ‘ಅವನ ಹೊಲ ಗಾಳಿ ಮೂಲಿಗಿಲ್ಲ ಬಿಡು, ಪುಣ್ಯವಂತ’ ಎಂದರು. ಕಟ್ಟಿಸಿದ ಕೂಲಿ ಅವನ ಲೆಕ್ಕಕ್ಕೆ, ಉಳಿದ ಬೆಳೆ ಪುಣ್ಯದ ಲೆಕ್ಕಕ್ಕೆ.

ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನನ್ನ ಸೋದರಳಿಯ ಹೋದ ಸಲ ಊರಿಗೆ ಬಂದಾಗ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ವರ್ಷಾಂತ್ಯದ ಅಪ್ರೈಸಲ್‌ನಲ್ಲಿ ಅವನ ಮೇಲಿನವರು ‘ಕೆಲಸವೆಲ್ಲ ಸರಿ, ಆದರೆ ನೀನು ಪ್ರೊಆ್ಯಕ್ಟಿವ್ ಆಗಬೇಕು’ ಎಂದು ಬರೆದಿದ್ದರಂತೆ. ‘ಅಂದ್ರೇನು ಮಾಡ್ಬೇಕಂತ ಮಾಮ? ಆಗದೆ ಇರೋ ತೊಂದ್ರೀನ ನಾನ್ ಮೊದ್ಲೇ ಸರಿ ಮಾಡಿದ್ರೆ, ತೊಂದ್ರೆ ಇತ್ತು ಅಂತ ಅವ್ರಿಗೆ ಗೊತ್ತಾಗೋದಾದ್ರೂ ಹೆಂಗೆ?’ ಎಂದ. ಮೂವತ್ತು ದಾಟದ ಹುಡುಗ ಕೇಳಿದ ಪ್ರಶ್ನೆಗೆ ಅರವತ್ತು ದಾಟಿದವನ ಬಳಿ ಉತ್ತರವಿರಬೇಕಿತ್ತು. ‘ಮಂಡಕ್ಕಿ ಮಿರ್ಚಿ ತಿನ್ನು, ಆರ್ತದ’ ಎಂದು ತಟ್ಟೆ ಮುಂದೆ ಸರಿಸಿದೆ. ಅವನ ಆಫೀಸಿನಲ್ಲಿ ನಡುರಾತ್ರಿ ಕೆಟ್ಟು ಕೂತ ಯಂತ್ರವನ್ನು ಬೆಳಗಿನೊಳಗೆ ಎದ್ದುನಿಲ್ಲಿಸಿದವನಿಗೆ ಆ ವರ್ಷ ಪ್ರಶಸ್ತಿ ಬಂತಂತೆ. ಕೆಡದಂತೆ ನೋಡಿಕೊಂಡವನಿಗೆ, ನಮ್ಮ ಬಾಳೆಯವನಿಗೆ ಸಿಕ್ಕಷ್ಟೇ.

ನಮ್ಮಜ್ಜಿಗೆ ಇಂಥ ಪ್ರಶಸ್ತಿಯ ಗೊಡವೆ ಇರಲಿಲ್ಲ. ಆಗ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಬಿಸಿಲು ಇಳಿಯುವ ಮೊದಲು, ಅಂದರೆ ಮಳೆಯ ಸುಳಿವೇ ಇಲ್ಲದಾಗ, ಅಜ್ಜಿ ಗಾಡಿ ಹೇಳಿಸಿ ಚೌಳು ಮಣ್ಣು ತರಿಸಿ ಮಾಳಿಗೆಗೆ ಹಾಕಿಸುತ್ತಿದ್ದಳು. ಬೆಳೆಗೆ ಬಾರದ, ನೀರು ಒಳಗೆ ಬಿಡದ ಆ ಬಿಳಿಚು ಮಣ್ಣು ಮಾಳಿಗೆಗೆ ಮಾತ್ರ ಲಾಯಕ್ಕು. ಅದರ ಜೊತೆಗೇ ಕುಳ್ಳು ಒಟ್ಟುವುದು, ಹುಣಸೆಹಣ್ಣಿನ ಬೀಜ ತೆಗೆದು ಗಡಿಗೆಗೆ ತುಂಬುವುದು, ಖಾರದ ಪುಡಿ, ಶ್ಯಾವಿಗೆ, ಹಪ್ಪಳ, ಸಂಡಿಗೆ. ಬಳ್ಳಾರಿ ಸೀಮೆಯ ಬಿಸಿಲನ್ನು ಎಲ್ಲರೂ ಬೈಯುತ್ತಾರೆ. ಅಜ್ಜಿ ಮಾತ್ರ ಅದನ್ನು ಪುಕ್ಕಟೆ ಸಿಕ್ಕ ಆಳಿನಂತೆ ದುಡಿಸಿಕೊಳ್ಳುತ್ತಿದ್ದಳು. ಜುಲೈನಲ್ಲಿ ಮಳೆ ಹಿಡಿದಾಗ ಓಣಿಯ ಬೇರೆ ಮನೆಗಳಲ್ಲಿ ಸೋರುವ ಕಡೆಗೆಲ್ಲ ತಪ್ಪಲೆ, ಚರಿಗೆ, ಬುಟ್ಟಿ ಇಡುವ ಗದ್ದಲ. ನಮ್ಮ ಮನೆಯಲ್ಲಿ ಹಪ್ಪಳ ಸುಡುವ ವಾಸನೆ. ಹಪ್ಪಳ ತಿನ್ನುತ್ತಿದ್ದ ನಾವ್ಯಾರೂ ಒಂದು ದಿನವೂ ತಲೆಯೆತ್ತಿ ಮಾಳಿಗೆ ನೋಡಲಿಲ್ಲ. ಸೋರದ ಮಾಳಿಗೆಯನ್ನು ಯಾರು ನೋಡುತ್ತಾರೆ?

ಹಾಗೆಂದು ಮುಂಜಾಗ್ರತೆಯವರೆಲ್ಲ ಅಜ್ಜಿಯಂತಿರುವುದಿಲ್ಲ. ನನ್ನ ಮಾವನವರೊಬ್ಬರಿದ್ದರು, ನಿವೃತ್ತ ಮೇಷ್ಟರು. ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ಸಿಗೆ ಅವರು ಮಧ್ಯಾಹ್ನದ ಊಟ ಮುಗಿಸಿಯೇ ಹೊಸಪೇಟೆ ಸ್ಟೇಷನ್ನಿಗೆ ಹೊರಡುತ್ತಿದ್ದರು. ಅವರನ್ನು ಕಳಿಸಲು ಹೋದವರು ಪ್ಲಾಟ್‌ಫಾರ್ಮಿನಲ್ಲಿ ಅದಿರು ತುಂಬಿದ ಗೂಡ್ಸ್ ಗಾಡಿಗಳನ್ನು ಎಣಿಸುತ್ತ ಸಂಜೆ ಕಳೆಯಬೇಕು. ಮದುವೆಗೆ ಹೋದರೆ ಚಪ್ಪರಕ್ಕಿಂತ ಮೊದಲು ಮಾವನವರು. ಹೀಗಾಗಿ ಚಪ್ಪರದ ಹಗ್ಗ ಹಿಡಿಯುವುದು, ಅಡುಗೆಯವನಿಗೆ ಬೆಲ್ಲ ತೂಗಿ ಕೊಡುವುದು, ಬಾರದ ವಾಲಗದವರಿಗೆ ಫೋನು ಮಾಡುವುದು ಎಲ್ಲವೂ ಅವರ ತಲೆಗೆ. ಮುಹೂರ್ತದ ಹೊತ್ತಿಗೆ ಅವರು ದಣಿದು ಮೂಲೆಯಲ್ಲಿ ನಿದ್ದೆ ಹೋಗಿರುತ್ತಿದ್ದರು. ತಡವಾಗಿ ಬಂದವರು ಅಕ್ಷತೆ ಹಾಕಿ, ಮೊದಲ ಪಂಕ್ತಿಯಲ್ಲಿ ಕೂತು, ‘ಮೇಷ್ಟ್ರು ಎಲ್ಲಿ? ಬಂದಿಲ್ಲೇನು?’ ಎಂದು ವಿಚಾರಿಸುತ್ತಿದ್ದರು. ಮೊದಲು ಬಂದವನಿಗೆ ಕೆಲಸ, ಆಮೇಲೆ ಬಂದವನಿಗೆ ಊಟ ಎಂಬುದನ್ನು ಕಂಡೇ ನಮ್ಮ ಜನ ತಡವಾಗಿ ಹೋಗುವುದನ್ನು ರೂಢಿ ಮಾಡಿಕೊಂಡಿರಬೇಕು. ಅದೂ ಒಂದು ಮುಂದಾಲೋಚನೆಯೇ.

ಇನ್ನೊಂದು ಜಾತಿಯವರು ಬರೀ ಚಿಂತೆಯವರು. ಇವರು ಮುಂದಾಗುವುದನ್ನೆಲ್ಲ ಕಂಡಿರುತ್ತಾರೆ, ಮಾಡುವುದೇನೂ ಇಲ್ಲ. ಮಳೆ ಬಂದರೆ ಮಾಳಿಗೆ ಸೋರೀತು ಎಂದು ಮಗ್ಗುಲು ಬದಲಿಸುತ್ತ ಬೆಳಗು ಮಾಡುವವರು ಇವರು. ಇವರೊಂದಿಗೆ ನನ್ನದು ದೂರದ ನಮಸ್ಕಾರ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ಕನ್ನಡಿಗರು ಎಲ್ಲಿ ಬೇಕಾದರೂ ಹೇಳಿಕೊಳ್ಳಬಹುದು. ನಮ್ಮ ಸೀಮೆಯಲ್ಲಿ ಹೇಳುವಾಗ ಸ್ವಲ್ಪ ಸಂಕೋಚವಾಗುತ್ತದೆ. ಇಲ್ಲಿ ಕೋಟೆ ನಿಜವಾಗಿಯೇ ಕೊಳ್ಳೆ ಹೋಗಿದೆ, ಬಾಗಿಲುಗಳನ್ನು ಟಿಕೆಟ್ ಕೊಂಡು ನೋಡಲು ಬರುತ್ತಾರೆ. 1565ರ ಜನವರಿಯಲ್ಲಿ ವಿಜಯನಗರದ ರಾಮರಾಯ ಯುದ್ಧದಲ್ಲಿ ಸತ್ತ ಸುದ್ದಿ ಬರುವ ತನಕ ಪಟ್ಟಣದ ಜನ ನೆಮ್ಮದಿಯಿಂದಿದ್ದರು. ನಮ್ಮ ಸೈನ್ಯ ಸೋಲುವುದುಂಟೇ ಎಂಬ ಧೈರ್ಯ. ಸೋತು ಬಂದ ಅವನ ತಮ್ಮ ತಿರುಮಲರಾಯ ಮಾತ್ರ ತಡಮಾಡದೆ 550 ಆನೆಗಳ ಮೇಲೆ ಭಂಡಾರ ಹೇರಿಕೊಂಡು ಪೆನುಕೊಂಡೆಯ ಹಾದಿ ಹಿಡಿದ ಎಂದು ಇತಿಹಾಸಕಾರ ರಾಬರ್ಟ್ ಸೀವೆಲ್ ಬರೆಯುತ್ತಾನೆ. ಅಪ್ರೈಸಲ್ ಬರೆಯುವವರು ಆಗ ಇದ್ದಿದ್ದರೆ ತಿರುಮಲರಾಯನಿಗೆ ಒಳ್ಳೆಯ ಅಂಕ ಬೀಳುತ್ತಿತ್ತು. ಪಟ್ಟಣದವರನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಇದಕ್ಕೆ ಎರಡು ಶತಮಾನ ಹಿಂದೆ, ನಮ್ಮೂರಿಗೆ ಹೆಸರು ಕೊಟ್ಟ ಬುಕ್ಕರಾಯನ ಮನೆಯಲ್ಲೇ ಬೇರೆ ತರಹದ ಒಬ್ಬನಿದ್ದ. ಬುಕ್ಕನ ಮಗ ಭಾಸ್ಕರ, ಭವದೂರ ಎಂದೂ ಹೆಸರು, ಉದಯಗಿರಿ ರಾಜ್ಯ ನೋಡಿಕೊಳ್ಳುತ್ತಿದ್ದ. ಈಗ ಆಂಧ್ರಕ್ಕೆ ಸೇರಿದ ಪೋರುಮಾಮಿಳ್ಳದಲ್ಲಿ ಅವನು ಒಂದು ದೊಡ್ಡ ಕೆರೆ ಕಟ್ಟಿಸಿದ. ದಿನಕ್ಕೆ ಸಾವಿರ ಆಳು, ಕಲ್ಲಿಗೆ ನೂರು ಬಂಡಿ, ಎರಡು ವರ್ಷದ ಕೆಲಸ. 1369ರಲ್ಲಿ ಅದರ ಶಾಸನ ಹಾಕಿಸಿದ. ರಾಜರ ಶಾಸನ ಎಂದರೆ ಬಿರುದಿನ ಸಾಲು, ಶತ್ರುಗಳ ತಲೆ ಎಂದುಕೊಂಡವರು ಇದನ್ನು ಓದಿದರೆ ಬೆರಗಾಗುತ್ತಾರೆ. ಒಳ್ಳೆಯ ಕೆರೆಗೆ ಏನೇನು ಬೇಕು ಎಂಬ ಹನ್ನೆರಡು ಅಂಗಗಳ ಪಟ್ಟಿ ಅದರಲ್ಲಿದೆ: ನೀರಿನ ಶಾಸ್ತ್ರ ತಿಳಿದವನು ಬೇಕು, ನೆಲ ಗಟ್ಟಿ ಮಣ್ಣಿನದಿರಬೇಕು, ಹತ್ತಿರದಲ್ಲಿ ಉದ್ದುದ್ದ ಕಲ್ಲು ಸಿಗುವ ಗಣಿ ಬೇಕು, ಕಟ್ಟುವ ಕೈಗಳು ಪಳಗಿರಬೇಕು ಎಂದು ಸಾಗುತ್ತದೆ. ಆಮೇಲೆ ಆರು ದೋಷ. ಏರಿಯಲ್ಲಿ ನೀರು ಜಿನುಗುವುದು, ಚೌಳು ನೆಲ, ಕೆರೆಯ ನಡುವೆ ದಿಬ್ಬ, ನೀರು ಕಡಿಮೆ ಇದ್ದು ಹೊಲ ಹೆಚ್ಚಿರುವುದು, ಹೊಲ ಕಡಿಮೆ ಇದ್ದು ನೀರು ಹೆಚ್ಚಿರುವುದು. ಅಜ್ಜಿಯ ಮಾಳಿಗೆಗೆ ವರವಾದ ಚೌಳು ಕೆರೆಗೆ ದೋಷ ಎಂಬುದನ್ನು ಗಮನಿಸಿ. ಇನ್ನೊಂದು ದೋಷ ನನಗೆ ಬಲು ಇಷ್ಟ: ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು.

ಇಷ್ಟವಾಗಲು ಕಾರಣ ನಮ್ಮ ತುಂಗಭದ್ರಾ ಜಲಾಶಯ. 1945ರ ಫೆಬ್ರವರಿ 28ರಂದು ಅದಕ್ಕೆ ಒಂದಲ್ಲ, ಎರಡು ಅಡಿಗಲ್ಲು ಬಿದ್ದವು. ಎಡದಂಡೆಯಲ್ಲಿ ನಿಜಾಮರ ಕಡೆಯಿಂದ ಬೀರಾರ್ ರಾಜಕುಮಾರ, ಬಲದಂಡೆಯಲ್ಲಿ ಮದ್ರಾಸಿನ ಗವರ್ನರ್. ನಡುವೆ ಹೊಳೆ. ಅಣೆಕಟ್ಟು ಎದ್ದಿದ್ದೇ ಎರಡು ರಾಜ್ಯಗಳ ಗಡಿಯ ಮೇಲೆ. ಈಗ ಅದರ ಉಸ್ತುವಾರಿಯ ಮಂಡಳಿಯಲ್ಲಿ ಕರ್ನಾಟಕ, ಆಂಧ್ರ, ತೆಲಂಗಾಣ ಮೂರೂ ಕೂರುತ್ತವೆ. ಭಾಸ್ಕರ ಇದನ್ನು ಕಂಡಿದ್ದರೆ ಏಳನೆಯ ದೋಷವೊಂದನ್ನು ಕೆತ್ತಿಸುತ್ತಿದ್ದನೇನೋ. 1953ರಲ್ಲಿ 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105.788ಕ್ಕೆ ಇಳಿದಿದೆ. ಹೂಳು ಬರುತ್ತದೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಹಳೆಯ ಕಾಲದಲ್ಲಿ ಕೆರೆಯ ಹೂಳೆತ್ತುವ ಬಂಡಿಗೆಂದೇ ದತ್ತಿ ಬಿಡುತ್ತಿದ್ದರು, ಕೆರೆಯ ದುರಸ್ತಿಗೆ ಬಿತ್ತುವಟ್ಟ, ಕಟ್ಟಿದವನಿಗೆ ದಶವಂದ. ಕೆಟ್ಟ ಮೇಲೆ ನೋಡೋಣ ಎಂದಲ್ಲ, ಕೆಡುವುದು ಖಂಡಿತ ಎಂದು ಒಪ್ಪಿಕೊಂಡು ಮೊದಲೇ ದುಡ್ಡಿನ ದಾರಿ ಮಾಡಿಟ್ಟಿದ್ದರು. ಮನುಷ್ಯನ ಒಳ್ಳೆಯತನದ ಮೇಲೆ ಅವರಿಗೆ ಅಷ್ಟೇನೂ ಭರವಸೆ ಇರಲಿಲ್ಲವೆಂದು ಕಾಣುತ್ತದೆ. ಅದೇ ಅವರ ಜಾಣತನ.

ವಿಜಯನಗರದವರು ಹೊಳೆಯ ಬಂಡೆಗಳ ಸಂದಿಗೆ ಕಲ್ಲು ಒಟ್ಟಿ ತಿರುಗಿಸಿದ ಕಾಲುವೆಗಳು ಇವತ್ತಿಗೂ ಹರಿಯುತ್ತಿವೆ: ರಾಯ, ಬಸವ, ತುರ್ತು, ಬೆಲ್ಲ, ಕಾಳಘಟ್ಟ, ರಾಮಸಾಗರ, ಕಂಪ್ಲಿ. ಈ ಭಾಗದ ಭತ್ತ, ಕಬ್ಬು, ಬಾಳೆ ಹೆಚ್ಚಾಗಿ ಇವುಗಳ ಮಕ್ಕಳು. ಇವು ಐದಾರು ನೂರು ವರ್ಷ ಬಾಳಿದ್ದು ಬರೀ ಕಟ್ಟಿದವರ ಕೈಗುಣದಿಂದಲ್ಲ. ವರ್ಷಕ್ಕೊಮ್ಮೆ ನೀರು ನಿಲ್ಲಿಸಿ, ಕಾಲುವೆಗೆ ಇಳಿದು, ಆಪು ಕಿತ್ತು, ಒಡ್ಡು ಸರಿಮಾಡಿದ ಹೆಸರಿಲ್ಲದವರಿಂದ. ನೀರಗಂಟಿಯ ಕೆಲಸವೇ ಇದು. ಎಲ್ಲವೂ ಸರಿಯಿದ್ದರೆ ‘ಅವನೇನ್ ಮಾಡ್ತಾನ, ದಂಡಿ ಮ್ಯಾಲ ಸುಮ್ನೆ ಅಡ್ಡಾಡ್ತಾನ’ ಎನ್ನುತ್ತೇವೆ. ಒಂದು ಕಡೆ ಒಡೆದರೆ ‘ಎಲ್ಲಿ ಹೋಗಿದ್ದ ಅವ?’ ಎನ್ನುತ್ತೇವೆ.

ಇನ್ನು 2024ರ ಆಗಸ್ಟ್ 10ರ ರಾತ್ರಿಯ ಮಾತು. ಜಲಾಶಯ ತುಂಬಿ ತುಳುಕುತ್ತಿತ್ತು. 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ, ಅರವತ್ತು ಅಡಿ ಅಗಲದ ಗೇಟು ಹೊಳೆಗೆ ಕೊಚ್ಚಿಹೋಯಿತು. ಎಪ್ಪತ್ತು ವರ್ಷದ ಸರಪಳಿ. ಅಂಥ ವೇಳೆಯಲ್ಲಿ ಬಾಯಿ ಮುಚ್ಚಲು ಬೇಕಾದ ಬದಲಿ ಸ್ಟಾಪ್‌ಲಾಗ್ ಗೇಟು ಸಿದ್ಧವಿರಲಿಲ್ಲ. ಒಂದೇ ಕಡೆ ಒತ್ತಡ ಬೀಳಬಾರದೆಂದು ಉಳಿದ ಗೇಟುಗಳನ್ನೂ ಎತ್ತಿದರು. ಹೊಳೆಯ ದಂಡೆಯ ಊರುಗಳಲ್ಲಿ ಮೈಕು ಕಟ್ಟಿಕೊಂಡ ಆಟೋಗಳು ಓಡಾಡಿದವು, ಯಾರೂ ಹೊಳೆಗೆ ಇಳಿಯಬೇಡಿ ಎಂದು ಕೂಗುತ್ತ. ಸೀಮೆಯ ರೈತರು ಒಂದು ವಾರ ನಿದ್ದೆ ಮಾಡಲಿಲ್ಲ. ಟಿವಿಯಲ್ಲಿ ಹಗಲೂ ರಾತ್ರಿ ಅದೇ ಗೇಟು. ಹಂಪಿ ನೋಡಲು ಬಂದವರು ಕೂಡ ವಿಜಯವಿಠ್ಠಲನ ರಥ ಬಿಟ್ಟು ಗೇಟಿನ ಸುದ್ದಿ ಕೇಳುತ್ತಿದ್ದರು.

ಆಗ ಬಂದವರು ಎನ್. ಕನ್ಹಯ್ಯ ನಾಯ್ಡು, ಎಂಬತ್ತರ ಹತ್ತಿರದ ನಿವೃತ್ತ ಎಂಜಿನಿಯರ್, ಅಣೆಕಟ್ಟಿನ ಗೇಟುಗಳಲ್ಲೇ ಆಯುಷ್ಯ ಕಳೆದವರು. ಹರಿಯುವ ನೀರಿನಲ್ಲಿ ಗೇಟು ಕೂರಿಸುವುದು ಸಾಧ್ಯವಿಲ್ಲ ಎಂದವರೇ ಹೆಚ್ಚು. ಈ ಭಾಗದ ಕಾರ್ಖಾನೆಗಳಲ್ಲಿ ಉಕ್ಕಿನ ತುಂಡುಗಳನ್ನು ಮಾಡಿಸಿ, ಕ್ರೇನಿನಿಂದ ಒಂದೊಂದಾಗಿ ಇಳಿಸಿ, ಆಗಸ್ಟ್ 16 ಮತ್ತು 17ರಂದು ಐದು ತುಂಡು ಕೂರಿಸಿ ನೀರು ನಿಲ್ಲಿಸಿದರು. ಆ ಹೊತ್ತಿಗೆ ಮೂವತ್ತು ಟಿಎಂಸಿ ಅಡಿಗೂ ಹೆಚ್ಚು ನೀರು ಹೊಳೆ ಪಾಲಾಗಿತ್ತು. ಆ ವರ್ಷ ಮಲೆನಾಡಿನಲ್ಲಿ ಮತ್ತೆ ಮಳೆಯಾಗಿ ಜಲಾಶಯ ತುಂಬಿಕೊಂಡಿತು, ರೈತರು ಉಳಿದರು. ನಾಯ್ಡು ಅವರನ್ನು ಜನ ಕೊಂಡಾಡಿದರು. ಕೊಂಡಾಡಲೇಬೇಕು. ಹೊಳೆಯ ಬಾಯಿಗೆ ಕೈಯಿಟ್ಟು ಮುಚ್ಚುವ ಎದೆಗಾರಿಕೆ ಎಲ್ಲರಿಗೂ ಇರುವುದಿಲ್ಲ. ಆದರೆ 2023ರಲ್ಲಿ ಯಾರೋ ಒಬ್ಬ ಆ ಸರಪಳಿಯ ಸವೆದ ಕೊಂಡಿಯನ್ನು ಕಂಡು, ಪತ್ರದ ಮೇಲೆ ಪತ್ರ ಬರೆದು, ದುಡ್ಡು ಕೊಡಿಸಿ ಬದಲಿಸಿದ್ದ ಎಂದಿಟ್ಟುಕೊಳ್ಳಿ. ಆಗ ಟಿವಿ ಇಲ್ಲ, ಕ್ರೇನಿಲ್ಲ, ಜೈಕಾರವಿಲ್ಲ. ಹೆಚ್ಚೆಂದರೆ ಆಡಿಟ್‌ನವರು ‘ಚೆನ್ನಾಗಿದ್ದ ಸರಪಳಿ ಬದಲಿಸಿದ್ದೇಕೆ?’ ಎಂದು ಕೇಳಿರುತ್ತಿದ್ದರು.

ನಮ್ಮೂರ ಹೊಳೆದಂಡೆಯಲ್ಲಿ ಪಂಪ್‌ಸೆಟ್ಟಿನ ಮೋಟರುಗಳದ್ದೂ ಇದೇ ಕತೆ. ಜಲಾಶಯದಿಂದ ನೀರು ಬಿಡುತ್ತಾರೆಂದು ಮೈಕಿನವರು ಹೇಳಿಹೋದ ಕೂಡಲೇ ಮೋಟರು ಎತ್ತಿ ಮೇಲಿಡುವವರು ಕೆಲವರು. ‘ಹೋದ್ ಸಲಾನೂ ಹಿಂಗ ಅಂದ್ರು, ಇಲ್ಲೀತನ ಬರ್ಲಿಲ್ಲ’ ಎಂದು ಬೀಡಿ ಹಚ್ಚುವವರು ಹಲವರು. ರಾತ್ರಿ ನೀರೇರಿದಾಗ ಬೀಡಿ ಹಚ್ಚಿದವನ ಮೋಟರು ಎತ್ತಲು ಓಡುವವರು ಮಾತ್ರ ತಮ್ಮ ಮೋಟರು ಎತ್ತಿಟ್ಟವರೇ, ಯಾಕೆಂದರೆ ಅವರಿಗೆ ಬೇರೆ ಕೆಲಸವಿರುವುದಿಲ್ಲ. ಹೊಳೆ ಇನ್ನೂ ಏರಿದರೆ ಕಂಪ್ಲಿಯ ಸೇತುವೆ ಮುಳುಗಿ, ಗಂಗಾವತಿಗೆ ಹೋಗುವ ಗಾಡಿಗಳೆಲ್ಲ ನಮ್ಮ ಬುಕ್ಕಸಾಗರ–ಕಡೇಬಾಗಿಲು ಸೇತುವೆಗೆ ತಿರುಗುತ್ತವೆ. ಆ ದಿನಗಳಲ್ಲಿ ಊರಿನ ಚಹದಂಗಡಿಗೆ ಒಳ್ಳೆಯ ವ್ಯಾಪಾರ. ಅಂಗಡಿಯವನು ಹಿಂದಿನ ದಿನವೇ ಹಾಲು ಹೆಚ್ಚು ಹೇಳಿರುತ್ತಾನೆ. ಜಲಾಶಯದ ಹೊರಹರಿವಿನ ಲೆಕ್ಕ ಅವನಷ್ಟು ನೆಟ್ಟಗೆ ಇಟ್ಟವರನ್ನು ನಾನು ಕಾಣೆ.

2025ರಲ್ಲಿ ಮುಂಜಾಗ್ರತೆ ಕೊನೆಗೂ ಬಂತು. ಹಳೆಯ ಗೇಟುಗಳ ಮೇಲೆ ಭಾರ ಬೀಳದಿರಲೆಂದು ಜಲಾಶಯದಲ್ಲಿ ಸುಮಾರು 80 ಟಿಎಂಸಿ ಅಡಿಯಷ್ಟೇ ನೀರು ನಿಲ್ಲಿಸಿದರು. 33 ಗೇಟುಗಳನ್ನೂ ಬದಲಿಸಬೇಕು, ಅದಕ್ಕಾಗಿ ನೀರು ಇಳಿಸಬೇಕು, ಹಾಗಾಗಿ ಎರಡನೆಯ ಬೆಳೆಗೆ ನೀರಿಲ್ಲ ಎಂದಾಯಿತು. ಎಚ್ಚರವಾಗಿರಿ ಎಂದು ವರ್ಷಗಟ್ಟಲೆ ಕೂಗಿದವರೇ ಈಗ ಸಿಟ್ಟಾದರು. ಅವರ ಸಿಟ್ಟು ಸುಳ್ಳಲ್ಲ. ಬರಬಹುದಾದ ಕೇಡು ತಪ್ಪಿದ ಲಾಭ ಯಾರ ಕೈಗೂ ಸಿಗುವುದಿಲ್ಲ, ಅದರ ಖರ್ಚು ಮಾತ್ರ ಇವತ್ತೇ, ಸಾಲ ತೀರಿಸಬೇಕಾದ ರೈತನ ಕಣದಲ್ಲೇ ಬಂದು ಕೂರುತ್ತದೆ. ವರ್ಷಕ್ಕಿಷ್ಟು ಎಂದು ಹಂಚಿ ಮಾಡಿದ್ದರೆ ಯಾರಿಗೂ ತಿಳಿಯದಂತೆ ಆಗಿಹೋಗುತ್ತಿದ್ದ ಕೆಲಸಕ್ಕೆ ಒಂದು ಇಡೀ ಬೆಳೆ ಬಲಿಯಾಯಿತು. ತಡವಾದ ಮುಂಜಾಗ್ರತೆಯಷ್ಟು ದುಬಾರಿಯಾದದ್ದು ಇನ್ನೊಂದಿಲ್ಲ ಎಂದು ನಾನು ಹೇಳಿದರೆ, ಟವೆಲ್ಲಿನವನು ‘ಏನ್ರಿ, ಭಾಷಣ ಮಾಡ್ತೀರಿ’ ಎಂದು ನಗುತ್ತಾನೆ.

ಭಾಷಣ ಬೇಡ. ಹೊಸ ಗೇಟು ನೋಡಲು ಹೊಸಪೇಟೆಗೆ ಹೋದವರು ಫೋಟೋ ತೆಗೆಸಿಕೊಂಡ ಮೇಲೆ, ಅಲ್ಲಿ ಎದುರಿಗೆ ಸಿಕ್ಕ ನೌಕರನನ್ನು ಒಂದು ಮಾತು ಕೇಳಿ ಬನ್ನಿ: ಈ ಸರಪಳಿಗಳಿಗೆ ಗ್ರೀಸು ಹಚ್ಚುವವರು ಯಾರು, ಅವರಿಗೆ ಸಂಬಳ ತಿಂಗಳಿಗೆ ಸರಿಯಾಗಿ ಬರುತ್ತದೆಯೇ?